ಮೊದಲ ಭೇಟಿಯಲ್ಲಿ ಪರಿಹಾರ ಹೇಳಬಾರದು

ಜನವರಿ 9, ಬೆಳಿಗ್ಗೆ

ಎರಡನೇ ನಂಬರಿನವರು ಫೋನ್ ಎತ್ತಲಿಲ್ಲ. ಮೊದಲನೆಯವನು ನಿನ್ನೆಯಿಂದ ‘ಮೀಟಿಂಗಲ್ಲಿದೀನಿ’ ಎನ್ನುತ್ತಲೇ ಇದ್ದಾನೆ. ಇರಲಿ, ಅಷ್ಟೊಂದು ಮೀಟಿಂಗ್ ಇದ್ದರೆ ವ್ಯವಹಾರ ಜೋರಾಗಿದೆ ಎಂದೇ ಅರ್ಥ.

ನಂಬರು ಕೊಟ್ಟವನು ಕಂಪನಿಯ ಆಸಾಮಿ. ಎಂಥ ಸೆಕೆಯಲ್ಲೂ ಕೋಟು ಬಿಚ್ಚುವುದಿಲ್ಲ. ಮನೆಯಲ್ಲಿ ಅವನ ಹೆಸರೇ ಕೋಟು ಎಂದಾಗಿದೆ. ‘ನನ್ನ ಮಾತು ನಂಬ್ಬೇಡಿ ಮೇಡಂ. ಆಗ್ಲೇ ನಮ್ಮ ಜೊತೆ ಇರೋರನ್ನ ಕೇಳಿ, ಆಮೇಲೆ ತೀರ್ಮಾನ ಮಾಡಿ’ ಎಂದ. ಪ್ರಾಮಾಣಿಕ ಅನ್ನಿಸಿತು.

ಚಹಾ ಅಂಗಡಿಗೆ, ಬಟ್ಟೆ ಅಂಗಡಿಗೆ ಫ್ರಾಂಚೈಸಿ ಇರುವ ಹಾಗೆ ಇದು ಸಲಹೆಗೆ ಫ್ರಾಂಚೈಸಿ. ಹೆಸರು ಅವರದು, ಕೈಪಿಡಿ ಅವರದು, ತರಬೇತಿ ಅವರದು. ದುಡ್ಡು ಕಟ್ಟಿದರೆ ಒಂದು ಏರಿಯಾ ನನ್ನದು. ಅಲ್ಲಿನ ಸಣ್ಣಪುಟ್ಟ ಅಂಗಡಿ, ಕಾರ್ಖಾನೆಗಳ ಮಾಲೀಕರ ಜೊತೆ ಕೂತು ವ್ಯವಹಾರ ಸುಧಾರಿಸುವ ದಾರಿ ಹೇಳುವುದು. ಅವರು ನನಗೆ ದುಡ್ಡು ಕೊಡುತ್ತಾರೆ, ನಾನು ಕಂಪನಿಗೆ ತಿಂಗಳ ಫೀಸು ಕಟ್ಟುತ್ತೇನೆ. ಸರಕಿಲ್ಲ, ಗೋದಾಮಿಲ್ಲ. ಇಸ್ತ್ರಿ ಮಾಡಿದ ಬಟ್ಟೆ, ತಲೆಯಲ್ಲಿ ಒಂದಿಷ್ಟು ಬುದ್ಧಿ. ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ಕ್ವಾಲಿಟಿ ನೋಡಿಕೊಂಡವಳಿಗೆ ಬುದ್ಧಿಗೇನು ಬರ. ಫ್ಯಾಕ್ಟರಿ ಮುಚ್ಚಿದ್ದು ನನ್ನ ತಪ್ಪೂ ಅಲ್ಲ.

ಅತ್ತೆಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ‘ಸಲಹೆ ಮಾರ್ತೀಯಾ? ನಾನು ಮದ್ವೆಯಾಗಿ ಬಂದಾಗಿಂದ ಈ ಮನೇಲಿ ಬಿಟ್ಟಿ ಕೊಡ್ತಿದೀನಿ, ಒಬ್ರೂ ತಗೊಂಡಿಲ್ಲ!’

ಇವರು ಡೆಂಟಿಸ್ಟರಿಗೆ ಮಾಡಿಕೊಡುವ ಕಟ್ಟುಹಲ್ಲಿನ ಸೆಟ್ಟಿನ ಮೇಣ ಕೆರೆಯುತ್ತಿದ್ದರು. ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು ಕೇಳಿದರು: ‘ಅವರೇ ಕೊಟ್ಟ ನಂಬರಾ?’

ಸಿಟ್ಟು ಬಂತು. ಮತ್ತಿನ್ಯಾರು ಕೊಡಬೇಕಿತ್ತು!

ಅದೇ ದಿನ, ಸಂಜೆ

ಮೂರನೆಯವರು ಎತ್ತಿದರು! ಹೆಂಗಸು. ಪಕ್ಕದ ಏರಿಯಾದಲ್ಲಿ ಹಿರಿಯ ಸಲಹೆಗಾರ್ತಿಯಂತೆ. ಎಂಥ ದನಿ! ಒಲೆಯ ಮೇಲೆ ಹಾಲಿಟ್ಟದ್ದೂ ಮರೆತೆ, ಉಕ್ಕಿ ಹೋಯಿತು.

ಏನು ಕೇಳಿದರೂ ಮೊದಲು ‘ಒಳ್ಳೇ ಪ್ರಶ್ನೆ, ಮರಿ’ ಎನ್ನುತ್ತಾರೆ. ಆಮೇಲೆ ಉತ್ತರ. ನಲವತ್ತೇಳು ವರ್ಷದವಳನ್ನು ಮರಿ ಎನ್ನುವವರು ಈ ಲೋಕದಲ್ಲಿ ಇನ್ನೂ ಇದ್ದಾರೆ! ಅಮ್ಮ ಹೋದಮೇಲೆ ಯಾರೂ ಹಾಗೆ ಕರೆದಿರಲಿಲ್ಲ.

ಬೆಳಿಗ್ಗೆ ಏಳುವಾಗ ಖುಷಿಯಾಗುತ್ತಾ ಎಂದು ಕೇಳಿದೆ. ‘ಒಳ್ಳೇ ಪ್ರಶ್ನೆ, ಮರಿ. ಯಾರ ಮುಂದೂ ಕೈಕಟ್ಟಿ ನಿಲ್ಬೇಕಾಗಿಲ್ಲ. ನನ್ನ ಹೊತ್ತು ನಂದು.’ ತರಬೇತಿ ಹೇಗಿರುತ್ತೆ ಎಂದೆ. ‘ತುಂಬಾ ಕಲಿತೆ’ ಎಂದರು. ಹೆದರಿಕೆ ಆಗಲಿಲ್ಲವೇ ಎಂದೆ. ‘ಈಗ್ಲೂ ಆಗುತ್ತೆ ಕಣೇ, ಸುಳ್ಯಾಕೆ ಹೇಳ್ಲಿ.’ ಅಷ್ಟೇ ಸಾಕು ನನಗೆ. ಹೆದರಿಕೆ ಇದೆ ಎಂದು ಒಪ್ಪಿಕೊಳ್ಳುವವರು ಮೋಸ ಮಾಡುವುದಿಲ್ಲ.

ಫೋನ್ ಇಡುವಾಗ ಬಾಯಿಂದ ತಾನಾಗಿಯೇ ‘ಬರ್ತೀನಿ ಅಕ್ಕಾ’ ಎಂದು ಬಂತು.

ಉಳಿದ ಎರಡು ನಂಬರಿಗೆ ಮಾಡಲಿಲ್ಲ.

ಜನವರಿ 22

ಸಹಿ ಹಾಕಿದೆ. ಐದು ವರ್ಷದ ಒಪ್ಪಂದ. ಮೇಲಿನ ಪುಟ ಓದಿದೆ, ಕೊನೆಯ ಪುಟ ಓದಿದೆ, ಮಧ್ಯದ್ದನ್ನು ಕೋಟು ಬಾಯಲ್ಲೇ ಹೇಳಿದ. ಏರಿಯಾ ನಮ್ಮ ಮನೆಯಿಂದ ಮೇಲ್ಸೇತುವೆ ತನಕ. ‘ಫ್ರೆಶ್ ಏರಿಯಾ ಮೇಡಂ. ಇನ್ನೂ ಯಾರೂ ಕಾಲಿಟ್ಟಿಲ್ಲ.’

ಪ್ರತ್ಯೇಕ ಆಫೀಸು ಕೋಣೆ ಇರಲೇಬೇಕು, ಹೊರಗೆ ಬೋರ್ಡು ಇರಲೇಬೇಕು. ಅದು ನಿಯಮ. ನಮ್ಮ ಮನೆಯಲ್ಲಿ ರಸ್ತೆಗೆ ತೆರೆದುಕೊಳ್ಳುವ ಕೋಣೆ ಒಂದೇ, ಇವರ ಹಲ್ಲಿನ ಕೋಣೆ. ಕೇಳುವ ಮೊದಲೇ ಇವರು ಸಾಮಾನು ಎತ್ತತೊಡಗಿದರು. ಹಿಂದಿನ ಸ್ಟೋರ್ ರೂಮಿಗೆ. ಅಲ್ಲಿ ಕಿಟಕಿಯಿಲ್ಲ. ‘ಟ್ಯೂಬ್‌ಲೈಟ್ ಹಾಕ್ಕೋತೀನಿ ಬಿಡು’ ಎಂದರು. ಹಲ್ಲಿನ ಬಣ್ಣ ಹೊಂದಿಸುವುದಕ್ಕೆ ಹಗಲ ಬೆಳಕೇ ಬೇಕು ಎಂದು ನನಗೆ ಹೇಳಿಕೊಟ್ಟವರು ಇವರೇ.

ಗಿರಾಕಿ ಸಿಕ್ಕ ತಕ್ಷಣ ಸ್ಟೋರ್ ರೂಮಿಗೆ ಕಿಟಕಿ ಒಡೆಸುತ್ತೇನೆ. ಇಲ್ಲಿ ಬರೆದಿಡುತ್ತಿದ್ದೇನೆ.

ಫೆಬ್ರವರಿ 12

ತರಬೇತಿ ಮುಗಿಯಿತು. ಹೋಟೆಲ್ಲಿನ ಹಾಲು, ಚಳಿ ಹಿಡಿಸುವ ಏಸಿ, ನೀರಿನ ಬಾಟಲಿ, ಚಪ್ಪಾಳೆ. ಬರೀ ಚಪ್ಪಾಳೆ. ಕೆಮ್ಮಿದರೂ ಚಪ್ಪಾಳೆ.

ಕೈಪಿಡಿಯ ಎರಡು ಮುಖ್ಯ ಸಂಗತಿ. ಒಂದು, ಮೊದಲ ಪ್ರಶ್ನೆ ಯಾವಾಗಲೂ ಇದೇ: ‘ನಾಳೆಯಿಂದ ಮೂರು ತಿಂಗಳು ನೀವು ಇಲ್ಲಿಗೆ ಬರದೇ ಹೋದರೆ ನಿಮ್ಮ ವ್ಯವಹಾರ ಏನಾಗುತ್ತೆ?’ ಮಾಲೀಕ ಬೆಚ್ಚಿ ಬೀಳುತ್ತಾನಂತೆ. ಆಮೇಲೆ ನಾವು ಸುಮ್ಮನೆ ಕೇಳಿಸಿಕೊಳ್ಳಬೇಕು.

ಇನ್ನೊಂದು, ಮೊದಲ ಭೇಟಿಯಲ್ಲಿ ಪರಿಹಾರ ಹೇಳಬಾರದು. ಗೊತ್ತಿದ್ದರೂ ಹೇಳಬಾರದು. ಹೇಳಿಬಿಟ್ಟರೆ ಒಪ್ಪಂದಕ್ಕೆ ಯಾರು ಸಹಿ ಹಾಕುತ್ತಾರೆ? ಬಾಯಿಗೆ ಬೀಗ.

ಇದು ನನಗೆ ಕಷ್ಟ. ಕೊಳೆತದ್ದು ಕಂಡರೆ ಕೊಳೆತಿದೆ ಎಂದು ಹೇಳಿಯೇ ಸಂಬಳ ತಗೊಂಡವಳು ನಾನು.

ಮಾರ್ಚ್ 4, ಮಧ್ಯಾಹ್ನ

ಮೊದಲ ಭೇಟಿ. ಪ್ರಿಂಟಿಂಗ್ ಪ್ರೆಸ್ಸು. ಹೊಸ ಚಪ್ಪಲಿ ಕಚ್ಚುತ್ತಿತ್ತು. ನಗುತ್ತಾ ಕೂತೆ. ಮೂರು ತಿಂಗಳ ಪ್ರಶ್ನೆ ಕೇಳಿದೆ.

ಮಾಲೀಕ ಬೆಚ್ಚಿ ಬೀಳಲಿಲ್ಲ. ಮಷೀನಿನ ಕಡೆ ನೋಡುತ್ತಲೇ ‘ಮುಚ್ಚಿ ಹೋಗುತ್ತೆ. ಆದ್ರಿಂದ ನಾನು ವ್ಯವಸ್ಥೆ ಕಟ್ಬೇಕು. ಅಲ್ವಾ?’ ಎಂದ.

ಅದು ಕೈಪಿಡಿಯ ಎರಡನೇ ಪುಟದಲ್ಲಿ ನಾನು ಹೇಳಬೇಕಾದ ಮಾತು. ನೀಲಿ ಫೈಲು ಮುಚ್ಚಿದೆ. ಚಹಾ ಕುಡಿಸಿ ಕಳಿಸಿದ.

ಮಾರ್ಚ್ 10, ಭಾನುವಾರ

ಅಕ್ಕ ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾರೆ. ಸಹಿ ಹಾಕಿದ ವಾರದಿಂದ ಒಂದೂ ತಪ್ಪಿಸಿಲ್ಲ. ಅತ್ತೆ ಹೇಳುತ್ತಾರೆ, ‘ಒಡಹುಟ್ಟಿದೋರೂ ಇಷ್ಟು ಮಾಡಲ್ಲ ಕಣೇ.’ ನನ್ನ ತಂಗಿಯ ಮೇಲೆ ಇಟ್ಟ ಗುರಿ ಅದು, ಗೊತ್ತಾಯಿತು. ಆದರೂ ಹೌದಲ್ಲ.

ಪ್ರೆಸ್ಸಿನವನ ಕಥೆ ಹೇಳಿ ಅಳು ಬಂತು. ಅಕ್ಕ ಸಮಾಧಾನ ಮಾಡಿದರು. ‘ಬುದ್ಧಿವಂತ ಇರ್ಬೇಕು ಬಿಡು. ನಾಕು ಬಾಗಿಲು ಮುಚ್ಚಿದ್ರೆ ಒಂದು ತೆಗೆಯುತ್ತೆ. ಕೈ ಬಿಡ್ಬೇಡ ಮರಿ, ಮಳೆಗಾಲದವರೆಗಾದ್ರೂ ಗಟ್ಟಿಯಾಗಿ ನಿಲ್ಲು.’ ಆಮೇಲೆ ಒಂದು ಕಿವಿಮಾತು: ‘ಆ ಹಾಸಿಗೆ ಅಂಗಡಿ ಬೀದಿಗೆ ಮಾತ್ರ ಹೋಗ್ಬೇಡ. ಗಾಡಿ ನಿಲ್ಸೋಕೂ ಜಾಗ ಇಲ್ಲ, ಜನಾನೂ ಸರಿಯಿಲ್ಲ.’

ತನ್ನದಲ್ಲದ ಏರಿಯಾದ ಬೀದಿ ಬೀದಿಯೂ ಅಕ್ಕನಿಗೆ ಗೊತ್ತು. ಎಷ್ಟು ತಯಾರಿ ನೋಡು! ನಾನೂ ಹಾಗೆ ಆಗಬೇಕು.

ಏಪ್ರಿಲ್ 16

ಬೀಗದ ಅಂಗಡಿ, ಗಾಜಿನ ಅಂಗಡಿ, ಸೈಕಲ್ ಡೀಲರು, ಎರಡು ಕ್ಲಿನಿಕ್ಕು. ಮೂರು ತಿಂಗಳ ಪ್ರಶ್ನೆಗೆ ಯಾರೂ ಬೆಚ್ಚಲಿಲ್ಲ. ಗಾಜಿನವನಂತೂ ನಾನು ಬಾಯಿ ತೆರೆಯುವ ಮೊದಲೇ ‘ಮೂರು ತಿಂಗಳಾ?’ ಎಂದು ಹಲ್ಲು ಕಿರಿದ. ಇದೇನು ಇವರೆಲ್ಲ ಒಂದೇ ಶಾಲೆಯಲ್ಲಿ ಓದಿದವರಾ?

ಪುಸ್ತಕ ಓದುತ್ತಾರೋ ಏನೋ. ಈಗೆಲ್ಲ ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ.

ಏಪ್ರಿಲ್ 30

ಬೈಸಿಕೊಳ್ಳಬೇಕಾದ ಕೆಲಸ ಮಾಡಿದೆ. ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ.

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಮೇಲ್ಸೇತುವೆ ಪಕ್ಕ ಹೊಸದಾಗಿ ತೆರೆದದ್ದು. ಮಾಲೀಕ ಮೂರು ತಿಂಗಳ ಪ್ರಶ್ನೆಗೆ ನಿಜವಾಗಿಯೂ ಬೆಚ್ಚಿಬಿದ್ದ! ಜೀವ ಬಂದ ಹಾಗಾಯಿತು. ಮಾಲು ವಾಪಸ್ ಬರುತ್ತಿದೆ ಎಂದು ಗೋಳಾಡಿದ. ಪೆಟ್ಟಿಗೆಯ ತಳ ಕುಸಿಯುತ್ತದಂತೆ, ಅಂಟು ಬದಲಿಸಿದನಂತೆ, ಕೆಲಸದವರನ್ನು ಬದಲಿಸಿದನಂತೆ.

ಸುಮ್ಮನೆ ಕೇಳಿಸಿಕೊಳ್ಳಬೇಕಿತ್ತು. ‘ಗೋದಾಮು ತೋರಿಸಿ’ ಎಂದುಬಿಟ್ಟೆ. ಹೋದೆ. ಹಿಂದಿನ ಗೋಡೆಗೆ ಕೈಯಿಟ್ಟೆ, ಒದ್ದೆ. ಆಚೆ ಕಡೆ ನೀರಿನ ಟ್ಯಾಂಕು. ರಟ್ಟನ್ನೆಲ್ಲ ಅದೇ ಗೋಡೆಗೆ ಒರಗಿಸಿ ಪೇರಿಸಿದ್ದಾರೆ! ನನಗೆ ರೇಗಿ ಹೋಯಿತು. ‘ಅಂಟಿಗೇನಾಗಿದೆ ರೀ? ರಟ್ಟು ನೀರು ಕುಡೀತಿದೆ! ಗೋಡೆಯಿಂದ ದೂರ ಇಡಿ, ಕೆಳಗೆ ಹಲಗೆ ಹಾಕಿ!’

ಮಾಲೀಕ ನನ್ನ ಕೈ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. ಒಪ್ಪಂದದ ಕಾಗದ ತೆಗೆದೆ. ‘ಸಮಸ್ಯೆ ಮುಗೀತಲ್ಲ ಮೇಡಂ. ಇನ್ನು ಒಪ್ಪಂದ ಯಾಕೆ?’ ಎಂದ. ಪಾಪ, ಕೆಟ್ಟ ಮನುಷ್ಯ ಅಲ್ಲ. ಒಂದು ಡಜನ್ ಪೆಟ್ಟಿಗೆ ಉಡುಗೊರೆ ಕೊಟ್ಟ.

ಇವರು ಪೆಟ್ಟಿಗೆಗಳಲ್ಲಿ ಹಲ್ಲಿನ ಅಚ್ಚುಗಳನ್ನು ಜೋಡಿಸಿಕೊಂಡರು. ‘ಚೆನ್ನಾಗಿದೆ, ಗಟ್ಟಿಯಿದೆ’ ಎಂದರು. ನಕ್ಕೆವು. ಬಹಳ ದಿನದ ಮೇಲೆ.

ಜೂನ್ 18

ಇವರ ಒಂದು ಸೆಟ್ಟು ವಾಪಸ್ ಬಂತು. ಬಣ್ಣ ಹೊಂದಿಲ್ಲ. ಟ್ಯೂಬ್‌ಲೈಟಿನಲ್ಲಿ ಬೆಳ್ಳಗೆ ಕಂಡದ್ದು ಹೊರಗೆ ಹಳದಿ. ಈ ತಿಂಗಳಲ್ಲಿ ಇದು ಮೊದಲನೆಯದಲ್ಲ. ಡೆಂಟಿಸ್ಟ್ ‘ನಿಮಗೇನಾಯ್ತು ಮಾಸ್ಟ್ರೇ, ಕಣ್ಣು ತೋರಿಸ್ಕೊಳ್ಳಿ’ ಎಂದರಂತೆ. ಇವರು ಹೌದು ತೋರಿಸಬೇಕು ಎಂದರಂತೆ! ಕೋಣೆಯ ವಿಷಯ ಬಾಯಿಬಿಡಲಿಲ್ಲ.

ಮುಂದಿನ ಕೋಣೆಯಲ್ಲಿ ಬೆಳಕು ಸುರಿಯುತ್ತಿದೆ. ನಾನು, ಮೇಜು, ಕೈಪಿಡಿ. ಇನ್ನಾರೂ ಇಲ್ಲ.

ಜುಲೈ 28, ಭಾನುವಾರ

ಅಕ್ಕನ ಫೋನ್ ಇಲ್ಲ. ಹುಷಾರಿಲ್ಲವೇನೋ. ನಾನೇ ಮಾಡಿದೆ. ಎತ್ತಲಿಲ್ಲ.

ಆಗಸ್ಟ್ 4, ಭಾನುವಾರ

ಇಲ್ಲ.

ಆಗಸ್ಟ್ 11, ಭಾನುವಾರ

ಇಲ್ಲ. ಮೆಸೇಜಿಗೂ ಉತ್ತರವಿಲ್ಲ. ಓದಿದ್ದಾರೆ. ನಾನೇನಾದರೂ ತಪ್ಪು ಮಾತಾಡಿದೆನೇ? ಕೊನೆಯ ಸಲ ಮಾತಾಡಿದ್ದನ್ನೆಲ್ಲ ನೆನಪಿಸಿಕೊಳ್ಳುತ್ತಿದ್ದೇನೆ. ‘ಆರು ತಿಂಗಳು ತುಂಬ್ತಲ್ಲ ಮರಿ, ಗಟ್ಟಿಗಿತ್ತಿ ಕಣೇ ನೀನು’ ಎಂದಿದ್ದರು. ಎಷ್ಟು ಸಂತೋಷ ಇತ್ತು ದನಿಯಲ್ಲಿ.

ಅತ್ತೆ ಇವತ್ತು ಗುರಿ ಇಡಲಿಲ್ಲ. ಚಹಾ ಮಾಡಿ ಮೇಜಿಗೆ ತಂದಿಟ್ಟು ಹೋದರು. ಅದೇ ಹೆಚ್ಚು ಚುಚ್ಚಿತು.

ಸೆಪ್ಟೆಂಬರ್ 5, ಮಧ್ಯಾಹ್ನ

ಬಂದವಳೇ ಬರೆಯಲು ಕೂತಿದ್ದೇನೆ. ಅಕ್ಷರ ಹೇಗೆ ಬರುತ್ತೋ ಬರಲಿ.

ಅಕ್ಕ ಹೋಗಬೇಡ ಎಂದಿದ್ದ ಬೀದಿಗೆ ಹೋದೆ. ಬೇರೆಲ್ಲೂ ಬಾಗಿಲು ಉಳಿದಿರಲಿಲ್ಲ, ಅದಕ್ಕೆ. ಗಾಡಿ ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು. ಹಾಸಿಗೆ ಅಂಗಡಿಯ ಯಜಮಾನರು ತಲೆ ನರೆತ, ತಮಾಷೆ ಮನುಷ್ಯ. ದಿಂಬಿನ ಗುಡ್ಡೆಯ ಮೇಲೆ ಕೂರಿಸಿದರು. ಮೂರು ತಿಂಗಳ ಪ್ರಶ್ನೆ ಕೇಳಿದೆ.

‘ಅಯ್ಯೋ, ಮತ್ತೆ ಬಂತಾ! ಆ ಮೇಡಂ ಎಲ್ಲಿ ಹೋದ್ರು? ನೀವು ಅವರ ಅಸಿಸ್ಟೆಂಟಾ?’

ಯಾವ ಮೇಡಂ ಎಂದೆ.

‘ಅದೇರೀ, ನಿಮ್ದೇ ಕಂಪನಿ, ಇದೇ ನೀಲಿ ಫೈಲು. ಎರಡು ವರ್ಷ ಈ ಬೀದಿ ಸವೆಸಿದ್ರು ಪಾಪ. ಈ ಪ್ರಶ್ನೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ನಾವು ಅವರಿಗೇನೂ ಕೊಡ್ಲಿಲ್ಲ, ಚಹಾ ಮಾತ್ರ ಕೊಟ್ವಿ. ಏನು ಕೇಳಿದ್ರೂ, ಒಳ್ಳೇ ಪ್ರಶ್ನೆ ಮರಿ, ಅನ್ನೋರು. ನಂಗೆ ಅರವತ್ತೆರಡು ರೀ! ನನ್ನ ಹೆಂಡ್ತಿ ಈಗ್ಲೂ ಆಡ್ಕೊಂಡು ನಗ್ತಾಳೆ, ಮರಿ ಊಟಕ್ಕೆ ಬಾ ಅಂತ.’

ಅವರು ನಗುತ್ತಿದ್ದರು. ನಾನೂ ನಕ್ಕೆ, ಅದು ಹೇಗೆ ನಕ್ಕೆನೋ. ಕಾಲು ದಿಂಬಿನೊಳಗೆ ಹೂತುಹೋಗಿತ್ತು, ಏಳಲಿಕ್ಕೆ ಆಗಲಿಲ್ಲ. ಅವರೇ ಕೈಕೊಟ್ಟು ಎಬ್ಬಿಸಿದರು.

ಫ್ರೆಶ್ ಏರಿಯಾ. ಯಾರೂ ಕಾಲಿಟ್ಟಿಲ್ಲ.

ಪಕ್ಕದ ಏರಿಯಾ ಅಲ್ಲ. ಇದೇ. ನಾನು ಚಪ್ಪಲಿ ಸವೆಸಿದ್ದು ಅಕ್ಕ ಸವೆಸಿಬಿಟ್ಟ ಬೀದಿಯಲ್ಲಿ.

ಸೆಪ್ಟೆಂಬರ್ 6, ಬೆಳಿಗ್ಗೆ

ಅತ್ತೆಯ ಫೋನಿನಿಂದ ಮಾಡಿದೆ. ಗೊತ್ತಿಲ್ಲದ ನಂಬರು, ತಕ್ಷಣ ಎತ್ತಿದರು. ನನ್ನ ದನಿ ಕೇಳಿ ಕಟ್ ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ.

‘ಗೊತ್ತಾಯ್ತಾ?’ ಎಂದರು. ಅಷ್ಟೇ, ತಣ್ಣಗೆ.

ಬಾಯಿಗೆ ಬಂದಂತೆ ಬೈದೆ. ಬರೆಯಲಾಗದ್ದನ್ನೂ ಬೈದೆ. ಅತ್ತೆ ಬಾಗಿಲಲ್ಲಿ ನಿಂತು ಇನ್ನೂ ಬೈ ಎನ್ನುವಂತೆ ಕೈ ಮಾಡುತ್ತಿದ್ದರು. ಅಕ್ಕ ಎಲ್ಲ ಕೇಳಿಸಿಕೊಂಡರು. ತರಬೇತಿ ಪಡೆದವರಲ್ಲವೇ.

ಆಮೇಲೆ ಹೇಳಿದರು. ಮಧ್ಯದಲ್ಲಿ ಬಿಟ್ಟು ಹೋದರೂ ಐದು ವರ್ಷ ಫೀಸು ಕಟ್ಟುತ್ತಲೇ ಇರಬೇಕು. ತಪ್ಪಿಸಿಕೊಳ್ಳಲು ಒಂದೇ ದಾರಿ, ನಮ್ಮ ಜಾಗಕ್ಕೆ ಇನ್ನೊಬ್ಬರು ಸಹಿ ಹಾಕಬೇಕು. ಹಾಕಿದರೆ ಸಾಲದು. ಹೊಸಬರು ಆರು ತಿಂಗಳು ಓಡಿಹೋಗದೆ ನಿಲ್ಲಬೇಕು. ಆಗಲೇ ಹಳಬರಿಗೆ ಬಿಡುಗಡೆ. ‘ಮಧ್ಯದ ಪುಟದಲ್ಲಿದೆ ನೋಡು. ನನಗೂ ನಿನ್ನ ಆ ಕೋಟು ಬಾಯಲ್ಲೇ ಹೇಳಿದ್ದ.’

‘ಸುಳ್ಳು ಹೇಳಿದ್ರಲ್ಲ ನಂಗೆ!’

‘ಪಕ್ಕದ ಏರಿಯಾ ಅಂತ ಬರ್ಕೊಟ್ಟಿದ್ದು ಕೋಟು, ನಾನು ತಿದ್ಲಿಲ್ಲ, ಅದು ತಪ್ಪೇ. ನೀನು ಕೇಳಿದ್ದಕ್ಕೆಲ್ಲ ನಾನು ನಿಜಾನೇ ಹೇಳ್ದೆ. ಖುಷಿನಾ ಅಂದೆ, ಹೆದ್ರಿಕೆನಾ ಅಂದೆ. ಎಷ್ಟು ಗಿರಾಕಿ ಇದಾರೆ ಅಂತ ಕೇಳ್ಲೇ ಇಲ್ಲ. ಕೇಳಿದ್ರೆ ಏನು ಹೇಳ್ಬೇಕು ಅಂತ ಆವತ್ತು ನಂಗೆ ಎದೆ ಹೊಡ್ಕೋತಿತ್ತು. ನೀನು ಕೇಳ್ಲೇ ಇಲ್ಲ.’

ಸಪ್ಲೈಯರ್ ಕೊಟ್ಟ ನಂಬರಿಗೆ ಫೋನ್ ಮಾಡಿ ಸಪ್ಲೈಯರ್ ಬಗ್ಗೆ ವಿಚಾರಿಸಬಾರದು. ಫ್ಯಾಕ್ಟರಿಗೆ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ನಾನು ಹೇಳಿಕೊಡುತ್ತಿದ್ದ ಪಾಠ ಅದು. ಇವರು ಆವತ್ತೇ ಕೇಳಿದ್ದರು. ನಾನು ಸಿಟ್ಟು ಮಾಡಿಕೊಂಡೆ.

ಅದನ್ನೂ ನುಂಗಿಕೊಳ್ಳಬಹುದು. ವ್ಯವಹಾರ, ಹಾಳಾಗಿ ಹೋಗಲಿ. ಆದರೆ ನನಗೆ ಬೇಕಾಗಿದ್ದದ್ದು ಬೇರೆ. ಕೇಳಬಾರದು ಎಂದುಕೊಂಡೇ ಕೇಳಿದೆ: ‘ಆ ಭಾನುವಾರಗಳು? ನಾನು ಅತ್ತಾಗ ಸಮಾಧಾನ ಮಾಡಿದ್ದು? ಅದೂ ಆರು ತಿಂಗಳ ಲೆಕ್ಕಾನಾ ಅಕ್ಕ?’



‘ಒಳ್ಳೇ ಪ್ರಶ್ನೆ, ಮರಿ’ ಎಂದರು. ಫೋನ್ ಇಟ್ಟರು.

ಸೆಪ್ಟೆಂಬರ್ 29

ಭಾನುವಾರ ಬೆಳಿಗ್ಗೆ ಇನ್ನೂ ಫೋನಿನ ಕಡೆ ಕಣ್ಣು ಹೋಗುತ್ತದೆ. ನಾಚಿಕೆಯಾಗಬೇಕು ನನಗೆ.

ಅಕ್ಟೋಬರ್ 21

ಕೋಟು ಬಂದಿದ್ದ. ಕೋಟಿನಲ್ಲೇ. ಅತ್ತೆ ನೀರೂ ಕೊಡಲಿಲ್ಲ. ನಾನು ಕೂಗಾಡಿದೆ, ಕೇಸು ಹಾಕುತ್ತೇನೆ ಎಂದೆ. ಅವನು ನನ್ನ ಸಹಿ ತೋರಿಸಿದ. ಆಮೇಲೆ ದನಿ ಇಳಿಸಿ, ‘ಕೋಪ ಬಿಡಿ ಮೇಡಂ. ನಿಮಗೂ ದಾರಿ ಇದೆಯಲ್ಲ. ಒಬ್ಬರು ಆಸಕ್ತಿ ತೋರಿಸಿದಾರೆ, ಇದೇ ಕಡೆಯೋರು. ಹಿರಿಯ ಸಲಹೆಗಾರ್ತಿ ಅಂತ ನಿಮ್ಮ ನಂಬರ್ ಕೊಟ್ಟಿದೀನಿ. ಫೋನ್ ಮಾಡ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡಿ ಸಾಕು. ಸುಳ್ಳು ಹೇಳಿ ಅಂತ ನಾವು ಯಾರಿಗೂ ಹೇಳಲ್ಲ.’

ಹಿರಿಯ ಸಲಹೆಗಾರ್ತಿ! ಒಬ್ಬನೇ ಒಬ್ಬ ಗಿರಾಕಿಯಿಲ್ಲದ ಹಿರಿಯಳು.

ಹೋದಮೇಲೆ ಸ್ಟೋರ್ ರೂಮಿನ ಬಾಗಿಲಲ್ಲಿ ನಿಂತೆ. ಇವರು ಒಂದು ಹಲ್ಲನ್ನು ಚಿಮಟದಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ತೋರಿಸಿ, ಎದ್ದು ಹಿತ್ತಲಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಒಳಗೆ ಬಂದು ಕೂತರು. ಮತ್ತೆ ಎದ್ದರು. ದಿನವೆಲ್ಲ ಹೀಗೇ ಓಡಾಡುತ್ತಾರೆ. ನನಗೆ ಗೊತ್ತೇ ಇರಲಿಲ್ಲ. ಇನ್ನೂ ನಾಲ್ಕು ವರ್ಷಕ್ಕೂ ಮೇಲೆ ಇದೆ.

ಒಂದು ಫೋನು. ಮುಂದಿನ ಕೋಣೆ ವಾಪಸ್.

ಅಕ್ಟೋಬರ್ 29, ಸಂಜೆ

ಫೋನ್ ಬಂತು.

ಬ್ಯಾಂಕಿನಲ್ಲಿದ್ದವಳಂತೆ. ಮಗಳ ಓದಿಗೋಸ್ಕರ ಕೆಲಸ ಬಿಟ್ಟಳಂತೆ, ಈಗ ಮನೆಯಲ್ಲಿ ಕೂತು ತಲೆ ಕೆಡುತ್ತಿದೆಯಂತೆ. ‘ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ’ ಎಂದು ಮಾತಿಗೊಮ್ಮೆ ಹೇಳುತ್ತಾಳೆ. ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದಳು, ಕಾಗದದ ಸದ್ದು ಕೇಳಿಸುತ್ತಿತ್ತು.

ಎಷ್ಟು ಗಿರಾಕಿ ಎಂದು ಕೇಳಿದರೆ ಸೊನ್ನೆ ಎಂದು ಹೇಳುವುದೇ. ಅದಂತೂ ಗಟ್ಟಿ ಮಾಡಿಕೊಂಡಿದ್ದೆ. ಕೇಳಲಿ, ಹೇಳುತ್ತೇನೆ. ಕಾದೆ.

ಅವಳು ಕೇಳಿದಳು: ‘ಬೆಳಿಗ್ಗೆ ಏಳುವಾಗ ಖುಷಿಯಾಗುತ್ತಾ?’

ಅದು ನನ್ನದೇ ಪ್ರಶ್ನೆ. ಆಮೇಲೆ, ಯಾರೋ ನನ್ನ ಬಾಯಿಂದ ಮಾತಾಡಿದರು. ‘ಒಳ್ಳೇ ಪ್ರಶ್ನೆ, ಮರಿ.’

ಮುಂದಿನದ್ದೂ ಬಂತು. ಯಾರ ಮುಂದೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ನನ್ನ ಹೊತ್ತು ನನ್ನದು. ತುಂಬಾ ಕಲಿತೆ. ಹೆದರಿಕೆ ಈಗಲೂ ಆಗುತ್ತೆ. ಒಂದೂ ಸುಳ್ಳಲ್ಲ. ಒಂದೂ! ಇನ್ನೇನಾದ್ರೂ ಕೇಳೋದಿದೆಯಾ ಎಂದು ನಾನೇ ಎರಡು ಸಲ ಕೇಳಿದೆ. ಇಲ್ಲ, ಎಲ್ಲ ತಿಳೀತು ಎಂದಳು. ಶುಕ್ರವಾರ ಕೋಟು ಬರುತ್ತಾನೆ, ಅದಕ್ಕೆ ಮುಂಚೆ ಇನ್ನೊಮ್ಮೆ ಫೋನ್ ಮಾಡುತ್ತೇನೆ ಎಂದಳು.

‘ನಿಮ್ಮ ದನಿ ಕೇಳಿ ಧೈರ್ಯ ಬಂತು. ಬರ್ತೀನಿ ಅಕ್ಕಾ.’

ಬಚ್ಚಲಿಗೆ ಹೋಗಿ ಮುಖ ತೊಳೆದೆ. ಮತ್ತೆ ತೊಳೆದೆ.

ಅಕ್ಟೋಬರ್ 30

ಊಟದ ಹೊತ್ತಿಗೆ ಇವರು, ತಟ್ಟೆ ನೋಡುತ್ತಾ: ‘ನಿನ್ನೆ ಫೋನಲ್ಲಿ ಯಾರು ಮಾತಾಡಿದ್ದು?’

‘ನಾನೇ. ಇನ್ಯಾರು?’

‘ನಿನ್ನ ಥರ ಇರ್ಲಿಲ್ಲ. ಬೇರೆಯೋರ ಸೆಟ್ಟು ಹಾಕ್ಕೊಂಡು ಮಾತಾಡ್ದಂಗಿತ್ತು.’

ಅತ್ತೆ ನಗಲಿಲ್ಲ. ನಾನು ಎಲ್ಲ ಹೇಳಿದೆ. ಕೋಣೆ ವಾಪಸ್ ಬರುತ್ತೆ, ಕಿಟಕಿ ನಿಮ್ಮದಾಗುತ್ತೆ, ಅದಕ್ಕೇ ಎಂದೆ. ದನಿ ಏರಿತು.

ಇವರು ಕೈತೊಳೆದು ಬಂದು ಹೇಳಿದರು, ‘ನನ್ನ ಕಿಟಕಿ ಹೆಸರು ಹೇಳ್ಬೇಡ. ನಂಗೆ ಹಿತ್ಲಿಗೆ ಓಡಾಡಿ ಅಭ್ಯಾಸ ಆಗಿದೆ.’ ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಅವಳು ಫೋನ್ ಮಾಡಿದಾಗ ಹೇಳುತ್ತೇನೆ. ಹೇಳಿಯೇ ಹೇಳುತ್ತೇನೆ. ನಾನೇ ಮಾಡೋಣವೆಂದರೆ ಅವಳ ಕರೆ ಬಂದದ್ದು ಕಂಪನಿಯ ಮೂಲಕ, ನನ್ನ ಫೋನಿನಲ್ಲಿ ಬಿದ್ದದ್ದು ಕಂಪನಿಯ ನಂಬರು.

ಅಕ್ಟೋಬರ್ 31, ಮಧ್ಯಾಹ್ನ

ಕೋಟಿನ ಮೇಲ್. ‘ಅಭಿನಂದನೆಗಳು! ನಿಮ್ಮ ಏರಿಯಾಗೆ ಹೊಸ ಸಲಹೆಗಾರ್ತಿ ಇಂದು ಬೆಳಿಗ್ಗೆ ಸಹಿ ಹಾಕಿದ್ದಾರೆ. ನಿಮ್ಮ ಜೊತೆ ಮಾತಾಡಿದ ಮೇಲೆ ಶುಕ್ರವಾರದವರೆಗೆ ಕಾಯುವುದು ಬೇಡ ಎಂದರು. ಮುಂದಿನ ಆರು ತಿಂಗಳು ಅವರ ಕೈಹಿಡಿದು ನಡೆಸುವ ಜವಾಬ್ದಾರಿ ನಿಮ್ಮದು. ವಾರಕ್ಕೊಂದು ಕರೆ ಸಾಕು. ಭಾನುವಾರ ಆದರೆ ಅನುಕೂಲ.’ ಕೆಳಗೆ ಅವಳ ನಂಬರು.

ಅಕ್ಕನ ಭಾನುವಾರವೂ ಕಂಪನಿಯದ್ದೇ.

ಮಧ್ಯದ ಪುಟ ಇವತ್ತು ಓದಿದೆ, ಇಡೀ. ಸಹಿ ಹಾಕಿದ ಹತ್ತು ದಿನದೊಳಗೆ ಬೇಡವೆಂದರೆ ಹೊಸಬರಿಗೆ ದುಡ್ಡು ವಾಪಸ್. ಆಮೇಲೆ ಇಲ್ಲ. ನನಗೂ ಆ ಹತ್ತು ದಿನ ಇತ್ತು. ಆ ದಿನಗಳಲ್ಲಿ ಬಂದ ಭಾನುವಾರ ಅಕ್ಕ ಫೋನ್ ಮಾಡಿ ಒಂದು ಗಂಟೆ ನನ್ನ ಹೊಸ ಮೇಜಿನ ಬಗ್ಗೆ ಕೇಳಿದ್ದರು.

ನವೆಂಬರ್ 2

ಇವರು ಬೆಳಿಗ್ಗೆ ಮುಂದಿನ ಕೋಣೆಗೆ ಬಂದು, ಸುಮ್ಮನೆ, ಕಿಟಕಿಯ ಧೂಳು ಒರೆಸಿ ಹೋದರು. 

ಅವಳಿಗೆ ಹೇಳಿದರೆ ಇನ್ನೊಬ್ಬರು ಸಿಗುವವರೆಗೆ ನಾನು ಇಲ್ಲೇ. ಇನ್ನೊಬ್ಬರಿಗೂ ಹೇಳಿದರೆ ಐದು ವರ್ಷ ತುಂಬುವವರೆಗೂ ಇಲ್ಲೇ. ಹೇಳದಿದ್ದರೆ ಮಳೆಗಾಲಕ್ಕೆ ಮುಂಚೆ ಬಿಡುಗಡೆ. ಆಮೇಲೆ ಅವಳು ಯಾವುದೋ ದಿಂಬಿನ ಮೇಲೆ ಕೂತು ನನ್ನ ಮಾತಿನ ವರಸೆ ಬೇರೆಯವರ ಬಾಯಲ್ಲಿ ಕೇಳುತ್ತಾಳೆ.

ಅಕ್ಕನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ. ಅದೊಂದೇ ನನ್ನನ್ನು ಎತ್ತಿ ನಿಲ್ಲಿಸುತ್ತಿದೆ.

ನವೆಂಬರ್ 3, ಭಾನುವಾರ, ಬೆಳಿಗ್ಗೆ

ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಕೈಯಲ್ಲಿ ಪೆನ್ನಿದ್ದರೆ ಬಾಯಿ ಅಡ್ಡದಾರಿ ಹಿಡಿಯುವುದಿಲ್ಲ. ಏನು ಹೇಳುತ್ತೇನೋ ಅದನ್ನೇ ಬರೆಯುವುದು. ಇವರು ಸ್ಟೋರ್ ರೂಮಿನ ಬಾಗಿಲು ತೆರೆದೇ ಇಟ್ಟಿದ್ದಾರೆ. ಅತ್ತೆ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದರು.

ಮೊದಲ ಭೇಟಿಯಲ್ಲಿ ಪರಿಹಾರ ಹೇಳಬಾರದಂತೆ. ಗೋಡೆ ಒದ್ದೆಯಿದ್ದರೆ ನಾನು ಹೇಳಿಯೇ ಸೈ.

ರಿಂಗ್ ಆಗುತ್ತಿದೆ. ಎತ್ತಿದಳು.

‘ಅಕ್ಕಾ! ನೀವೇ ಮಾಡಿದ್ರಾ? ನಾನೇ ಮಾಡೋಣ ಅಂತಿದ್ದೆ. ಹೊಸ ಮೇಜು ತಂದೆ ಗೊತ್ತಾ, ಕಿಟಕಿ ಪಕ್ಕ—’

‘ನಾನು ಅಕ್ಕ ಅಲ್ಲ ಕಣಮ್ಮಾ. ಮೇಜು ಆಮೇಲೆ. ನೀವು ಕೇಳದೇ ಬಿಟ್ಟಿದ್ದು ಒಂದಿದೆ, ನಾನೇ ಹೇಳ್ತೀನಿ. ಈ ಏರಿಯಾದಲ್ಲಿ ನನಗಿರೋ ಗಿರಾಕಿಗಳು ಸೊನ್ನೆ.’